ಎಡಗೈ ಮೇಲಿನ ಸುಟ್ಟ ಗುರುತು

ಸ್ಮರಣ ಸಂಚಿಕೆಗೆ ನಮ್ಮ ಮೇಡಂ ಬಗ್ಗೆ ಎರಡು ಪುಟ ಬರೆದುಕೊಡಿ ಎಂದು ಟ್ರಸ್ಟಿನವರು ಕೇಳಿದಾಗ ನನಗೆ ಮೊದಲು ಬಂದದ್ದು ಸಿಟ್ಟು. ಹುಟ್ಟಿದ್ದೆಲ್ಲಿ, ಓದಿದ್ದೆಲ್ಲಿ, ಎಲ್ಲೆಲ್ಲಿ ಶಾಲು ಹೊದಿಸಿದರು ಎಂಬುದನ್ನೆಲ್ಲ ಟ್ರಸ್ಟಿನವರೇ ಒಂದು ಹಾಳೆಯಲ್ಲಿ ಟೈಪು ಮಾಡಿಸಿ ಕಳಿಸಿದ್ದರು. ನಾನು ನಡುನಡುವೆ ಒಂದಿಷ್ಟು ಒಗ್ಗರಣೆ ಹಾಕಿದರೆ ಸಾಕಂತೆ. ಆ ಹಾಳೆಯನ್ನು ಮಡಿಸಿ ಡ್ರಾಯರಿನಲ್ಲಿಟ್ಟೆ. ಹದಿನೈದು ವರ್ಷ ಒಬ್ಬರ ಪಕ್ಕದಲ್ಲಿ ನಿಂತು ಕೆಲಸ ಮಾಡಿದ ಮೇಲೆ ಅವರು ಯಾವ ಇಸವಿಯಲ್ಲಿ ಹುಟ್ಟಿದರು ಅನ್ನುವುದು ನನಗೆ ಮುಖ್ಯ ಅನ್ನಿಸುವುದಿಲ್ಲ, ಏನು ಮಾಡಲಿ.

ಹೆಸರನ್ನೂ ಬರೆಯುವುದಿಲ್ಲ. ನಮ್ಮಲ್ಲಿ ಹೆಸರಿಗೆ ಬೆಲೆ ಇರಲಿಲ್ಲ. ಯಾದವಗಿರಿಯ ಒಂದು ಹಳೇ ಬಂಗಲೆಯ ಹಿಂಭಾಗದಲ್ಲಿ ಅವರು ಶುರುಮಾಡಿದ್ದ ಆ ಪುಟ್ಟ ಕೇಂದ್ರಕ್ಕೆ ಬರುತ್ತಿದ್ದವರು ಕಣ್ಣೂ ಕಾಣದ, ಕಿವಿಯೂ ಕೇಳದ ಮಕ್ಕಳು. ಬೆಳಿಗ್ಗೆ ವ್ಯಾನಿನಲ್ಲಿ ಬಂದು ಸಂಜೆ ಹೋಗುತ್ತಿದ್ದರು. ಆ ಮಕ್ಕಳಿಗೆ ನೀವು ಯಾರು ಅಂತ ತಿಳಿಯಬೇಕಾದರೆ ಇರುವುದು ಒಂದೇ ದಾರಿ, ನಿಮ್ಮ ಕೈ. ಅದಕ್ಕೇ ನಾವೆಲ್ಲ ಕೈಗೆ ಒಂದೊಂದು ಗುರುತು ಇಟ್ಟುಕೊಂಡಿದ್ದೆವು. ಯಾವ ಮಗುವಿನ ಹತ್ತಿರ ಹೋದರೂ ಮೊದಲು ಕೈ ಚಾಚಿ ಆ ಗುರುತನ್ನು ಮುಟ್ಟಿಸಬೇಕು, ಆಮೇಲೇ ಮಿಕ್ಕ ಕೆಲಸ. ಅಡುಗೆಯ ಜಯಮ್ಮನಿಗೆ ಎರಡು ಗಾಜಿನ ಬಳೆ. ಇನ್ನೊಬ್ಬ ಟೀಚರಿಗೆ ಚೌಕದ ಗಡಿಯಾರ. ನನಗೆ ಕೀಲುನೋವಿಗೆ ಅಂತ ಯಾರೋ ಹೇಳಿ ಹಾಕಿಸಿದ್ದ ದಪ್ಪ ತಾಮ್ರದ ಕಡಗ. ನೋವು ಹೋಗಲಿಲ್ಲ, ಕಡಗವೇ ನನ್ನ ಹೆಸರಾಯಿತು.

ಅವರಿಗೆ ಬಳೆ ಬೇಕಾಗಿರಲಿಲ್ಲ. ಎಡಗೈ ಹಿಂಬದಿಯಲ್ಲಿ, ಕಿರುಬೆರಳಿನ ಬುಡದಿಂದ ಮಣಿಕಟ್ಟಿನವರೆಗೆ, ಒಂದು ಸುಟ್ಟ ಗುರುತಿತ್ತು. ಚರ್ಮ ದಪ್ಪಗೆ ಏರಿಳಿದು ಹೆಪ್ಪುಗಟ್ಟಿತ್ತು. ಹೇಗಾಯಿತು ಅಂತ ಕೇಳಿದರೆ ನನಗೆ ಹೋಳಿಗೆ ಹಂಚು ಅಂದರು. ಜಯಮ್ಮನಿಗೆ ಇಸ್ತ್ರಿಪೆಟ್ಟಿಗೆ ಅಂದಿದ್ದರಂತೆ. ಟ್ರಸ್ಟಿನ ಅಧ್ಯಕ್ಷರಿಗೆ ಕಾಲೇಜಿನ ಲ್ಯಾಬಿನಲ್ಲಿ ಆಸಿಡ್ ಬಿತ್ತು ಅಂದಿದ್ದರು. ಮೂರರಲ್ಲಿ ಯಾವುದು ನಿಜ ಅಂತ ಒಂದು ಸಲ ಗಟ್ಟಿಸಿ ಕೇಳಿದೆ. "ಮಕ್ಕಳು ಯಾರೂ ಕೇಳ್ಲಿಲ್ಲ ನೋಡಿ. ನಿಮಗ್ಯಾಕೆ ಬೇಕು?" ಅಂದರು.

ನಾನು ಸೇರಿದ್ದು ತೊಂಬತ್ತನಾಲ್ಕರಲ್ಲಿ. ಕಾಲೇಜಿನಲ್ಲಿ ಕೆಲಸ ಸಿಗುವವರೆಗೆ ಅಂದುಕೊಂಡು ಬಂದವಳು, ಕೆಲಸ ಸಿಗಲಿಲ್ಲ, ಇಲ್ಲೇ ಉಳಿದೆ. ಮೊದಲ ದಿನ ನನ್ನನ್ನು ಕುರ್ಚಿಯ ಮೇಲೆ ಕೂರಿಸಿ, ಕಣ್ಣಿಗೆ ಬಟ್ಟೆ ಕಟ್ಟಿ, ಕಿವಿಗೆ ಹತ್ತಿ ತುರುಕಿ, ಮೇಲೊಂದು ಟವೆಲು ಸುತ್ತಿ ಹೊರಟುಹೋದರು. ಎಷ್ಟು ಹೊತ್ತೋ ಗೊತ್ತಿಲ್ಲ. ಇದ್ದಕ್ಕಿದ್ದಂತೆ ನನ್ನ ತುಟಿಗೆ ಬಿಸಿ ಬಿಸಿಯಾಗಿ ಏನೋ ತಗುಲಿತು. ಕಿಟಾರನೆ ಕಿರುಚಿ ಕೈ ಬೀಸಿದೆ. ಬಟ್ಟೆ ಬಿಚ್ಚಿ ನೋಡಿದರೆ ಉಪ್ಪಿಟ್ಟು ಅವರ ಸೀರೆಯ ಮೇಲೆ, ನೆಲದ ಮೇಲೆ, ಚಮಚ ಮೂಲೆಯಲ್ಲಿ. ನನಗೆ ಅಳು, ಜೊತೆಗೆ ಕೆಟ್ಟ ಕೋಪ. ಅವರು ನೆಲ ಒರೆಸುತ್ತಾ ಹೇಳಿದ್ದು ಇಷ್ಟೇ: "ನಾಳೆ ಯಾವ ಮಗೂನಾದ್ರೂ ಚಮಚ ಬಿಸಾಕಿದ್ರೆ ತುಂಟ ಅನ್ಬೇಡಿ."

ಚಾಮರಾಜಪುರಂನಲ್ಲಿ ಅವರ ತಮ್ಮನ ಮನೆ, ಅಲ್ಲೇ ಇದ್ದರು. ಮಠಕ್ಕೆ ನಡೆದುಕೊಳ್ಳುವ ಮನೆತನ. ಹಣೆಯ ಮೇಲೆ ವಿಭೂತಿ, ಕೊರಳಲ್ಲಿ ಲಿಂಗ, ಮೈಮೇಲೆ ಮೂರು ಕಾಟನ್ ಸೀರೆಗಳಲ್ಲಿ ಒಂದು. ಮದುವೆಯ ಮಾತನ್ನು ಯಾರೋ ಎತ್ತಿದ್ದರಂತೆ, ಮದುವೆಯಾದ ಮೇಲೂ ಕೇಂದ್ರಕ್ಕೆ ಹೋಗಲು ಬಿಡಬೇಕು ಅಂತ ಇವರು ಕೇಳಿದ್ದಕ್ಕೆ ಹುಡುಗನ ಕಡೆಯವರು ಎದ್ದು ಹೋದರಂತೆ. ನಡೆಯುವಾಗ ಬಲಗೈಯನ್ನು ಗೋಡೆಗೆ ತಾಗಿಸಿಕೊಂಡೇ ಹೋಗುವುದು ಅಭ್ಯಾಸ. ಮಕ್ಕಳಿಗೆ ಹಾಗೆ ಕಲಿಸಿ ಕಲಿಸಿ ಅವರಿಗೇ ಅಂಟಿಕೊಂಡಿತ್ತು. ಸಯ್ಯಾಜಿರಾವ್ ರಸ್ತೆಯಲ್ಲಿ ಅಂಗಡಿಗಳ ಷಟರಿಗೆ ಕೈ ಸವರಿಕೊಂಡು ಹೋಗುತ್ತಿದ್ದರೆ ಅಂಗಡಿಯವರು ಏನಮ್ಮಾ ಬೇಕಿತ್ತು ಅಂತ ಇಣುಕುತ್ತಿದ್ದರು, ನನಗೆ ನಾಚಿಕೆ.

ಅವರು ಮಹಾ ಸಾಧ್ವಿ, ತಾಳ್ಮೆಯ ಮೂರ್ತಿ ಅಂತೆಲ್ಲ ಸಂತಾಪ ಸಭೆಯಲ್ಲಿ ಹೇಳಿದರು. ಶುದ್ಧ ಸುಳ್ಳು. ಮೂಗಿನ ತುದಿಯಲ್ಲಿ ಕೋಪ. ಒಬ್ಬ ದೊಡ್ಡಮನುಷ್ಯರು ಮಗನ ಹುಟ್ಟಿದಹಬ್ಬಕ್ಕೆ ಮೈಸೂರುಪಾಕು ತಂದು, ಹಿಂದಿನಿಂದ ಬಂದು ಒಂದು ಮಗುವಿನ ತಲೆ ಸವರಿದರು. ಮಗು ಬೆಚ್ಚಿಬಿದ್ದು ನೆಲಕ್ಕೆ ಹಣೆ ಚಚ್ಚಿಕೊಂಡಿತು. ಇವರು ಹೋಗಿ ಅವರ ಹಿಂದೆ ನಿಂತು, ಅವರ ಬೋಳುತಲೆಯ ಮೇಲೆ ತಮ್ಮ ಒದ್ದೆ ಕೈಯನ್ನು ಟಪ್ಪನೆ ಇಟ್ಟರು! ಆ ಮನುಷ್ಯ ಹೌಹಾರಿ ತಿರುಗಿದರು. "ಹೆಂಗಾಯ್ತು ಸಾರ್? ಹಂಗೇ ಆಗುತ್ತೆ ಅವಕ್ಕೂ" ಅಂದರು. ಮೈಸೂರುಪಾಕು ಉಳಿಯಿತು, ಆ ಮನುಷ್ಯ ಮತ್ತೆ ಬರಲಿಲ್ಲ.

ದಣಿವಿನ ವಿಚಾರದಲ್ಲಿ ಅವರದ್ದೊಂದು ಕಟ್ಟುನಿಟ್ಟಿತ್ತು. ನಮ್ಮ ಕೆಲಸ ದಣಿಸುವ ಕೆಲಸ. ಒಂದು ಮಗುವಿಗೆ ಲೋಟ ಎತ್ತುವುದನ್ನು ಕಲಿಸಲು ಒಂದು ವರ್ಷ, ಆ ವರ್ಷ ಮುಗಿದು ಬೇಸಿಗೆ ರಜೆ ಕಳೆದು ಬಂದರೆ ಮತ್ತೆ ಮೊದಲಿಂದ. ಎಷ್ಟೋ ಸಂಜೆ ನಾನು ಬಾಗಿಲ ಮೆಟ್ಟಿಲ ಮೇಲೆ ಕುಸಿದು, ಸಾಕಾಗಿಹೋಯಿತು, ಬೇಜಾರು ಅನ್ನುತ್ತಿದ್ದೆ. "ಸುಸ್ತಾಗಿದೆ ಅನ್ನಿ, ಒಪ್ತೀನಿ. ಬೇಜಾರು ಅನ್ಬೇಡಿ. ಸುಸ್ತಿಗೆ ನಿದ್ದೆ ಇದೆ, ಬೇಜಾರಿಗೆ ನನ್ಹತ್ರ ಔಷಧಿ ಇಲ್ಲ ಕಣ್ರೀ," ಅನ್ನುತ್ತಿದ್ದರು. ಅವರು ಮಾತ್ರ ಊಟವಾದ ಮೇಲೆ ಬೆಂಚಿನ ಮೇಲೆ ಕಾಲು ಚಾಚಿ, ಮುಖದ ಮೇಲೆ ಟವೆಲು ಹಾಕಿ, ಸರಿಯಾಗಿ ಹತ್ತು ನಿಮಿಷ ಗೊರಕೆ ಹೊಡೆಯುತ್ತಿದ್ದರು. ಆ ಹೊತ್ತಿನಲ್ಲಿ ಯಾರು ಬಂದರೂ ಜಯಮ್ಮ ಒಳಗೆ ಬಿಡುತ್ತಿರಲಿಲ್ಲ.

ನಾಗವೇಣಿ ಬಂದದ್ದು ಎರಡು ಸಾವಿರದ ಮೂರರಲ್ಲಿ, ಐದು ವರ್ಷದವಳಿದ್ದಾಗ. ಹುಣಸೂರು ರಸ್ತೆಯ ಇಲವಾಲದ ಹುಡುಗಿ. ಅವಳ ತಾಯಿ ಸರೋಜಮ್ಮ ಅವಳನ್ನು ಎತ್ತಿಕೊಂಡು ಬಂದಾಗ ತಾಯಿಯ ಎರಡೂ ತೋಳಿನ ತುಂಬ ಕಚ್ಚಿದ ಗಾಯ. ಮಗು ಮಂಚದ ಕೆಳಗೆ ಬಿಟ್ಟರೆ ಇನ್ನೆಲ್ಲೂ ಇರುವುದಿಲ್ಲ, ತಾಯಿಯ ಕೈಯಿಂದ ಬಿಟ್ಟರೆ ಯಾರಿಂದಲೂ ತಿನ್ನುವುದಿಲ್ಲ. "ನಾನು ಸತ್ರೆ ಇದ್ರ ಗತಿ ಎಂಗೆ ಅಕ್ಕಾ?" ಅಂತ ಸರೋಜಮ್ಮ ಅತ್ತಳು.  ಇವರು ನೆಲದ ಮೇಲೆ ಮಲಗಿ ಮಗು ಅಡಗಿದ್ದ ಮೇಜಿನ ಕೆಳಗೆ ತೂರಿ, ನಾಗವೇಣಿಯ ಪಕ್ಕದಲ್ಲಿ ಎಡಗೈ ಚಾಚಿ ಸುಮ್ಮನೆ ಬಿದ್ದುಕೊಂಡರು. ದಿನಾ ಒಂದು ಗಂಟೆ. ಎಂಟು ತಿಂಗಳಾದ ಮೇಲೆ ಆ ಮಗು ಸುಟ್ಟ ಗುರುತಿನ ಮೇಲೆ ಒಂದು ಬೆರಳಿಟ್ಟಿತು. ಎರಡು ವರ್ಷವಾದ ಮೇಲೆ ಅವರ ಕೈಯಿಂದ ಮೊಸರನ್ನ ತಿಂದಿತು. ಅವತ್ತು ಅವರು ಹಿತ್ತಲಿಗೆ ಹೋಗಿ ಒಬ್ಬರೇ ಅತ್ತರು, ಬಂದು ನನಗೆ ನೆಗಡಿ ಅಂದರು. ಅಲ್ಲಿಂದ ನಾಗವೇಣಿ ನೀರು ಬೇಕು, ಅನ್ನ ಬೇಕು ಅಂತ ಕೈಯಲ್ಲಿ ಕೇಳುವುದನ್ನು ಕಲಿತಳು, ನಿಧಾನವಾಗಿ ನಮ್ಮ ಕೈಯಿಂದಲೂ ತುತ್ತು ತೆಗೆದುಕೊಂಡಳು. ಆದರೆ ಮೊದಲ ತುತ್ತು ಅವರದ್ದೇ ಆಗಬೇಕಿತ್ತು.

ಹಂದಿಜ್ವರ ಬಂದದ್ದು ಎರಡು ಸಾವಿರದ ಒಂಬತ್ತರ ಮಳೆಗಾಲದಲ್ಲಿ. ಪೇಪರು ತೆರೆದರೆ ಅದೇ ಸುದ್ದಿ. ಔಷಧಿ ಅಂಗಡಿಗಳಲ್ಲಿ ಮುಖಗವಸು ಖಾಲಿ, ಜನ ಕರ್ಚೀಫು ಕಟ್ಟಿಕೊಂಡು ಓಡಾಡಿದರು. ಶಾಲೆಗಳಿಗೆ ರಜೆ ಕೊಟ್ಟರು. ನಮ್ಮ ಹತ್ತು ಮಕ್ಕಳಲ್ಲಿ ಇಬ್ಬರಿಗೆ ಹೃದಯದಲ್ಲಿ ತೂತು, ಒಂದು ಮಗುವಿಗೆ ಹುಟ್ಟಿನಿಂದಲೂ ಶ್ವಾಸಕೋಶ ದುರ್ಬಲ. ಸಾಲದ್ದಕ್ಕೆ ಬಸುರಿಯರಿಗೆ ಈ ಜ್ವರ ಬಂದರೆ ಜೀವಕ್ಕೇ ಅಪಾಯ ಅಂತ ಡಾಕ್ಟರರು ಹೇಳುತ್ತಿದ್ದರು, ಸರೋಜಮ್ಮನಿಗೆ ಆಗ ಏಳು ತಿಂಗಳು. ಅಷ್ಟರಲ್ಲಿ ಜಯಮ್ಮನ ಗಂಡನಿಗೆ ಜ್ವರ ಬಂದು, ಪರೀಕ್ಷೆಯಲ್ಲಿ ಅದೇ ಅಂತ ಗೊತ್ತಾಯಿತು. ಜಯಮ್ಮನಿಗೆ ಮನೆಯಲ್ಲೇ ಇರಲು ಹೇಳಿ, ನಾವು ಮಿಕ್ಕ ಐವರು ಅಂಗಳದಲ್ಲಿ ಹತ್ತತ್ತು ಅಡಿ ದೂರಕ್ಕೆ ಕುರ್ಚಿ ಹಾಕಿ ಕೂತೆವು.

ಪರಿಸ್ಥಿತಿ ಸರಿಹೋಗುವವರೆಗೆ ಮುಚ್ಚಿಬಿಡಿ ಅಂತ ಅಧ್ಯಕ್ಷರು ಫೋನಿನಲ್ಲಿ ಹೇಳಿದ್ದರು.

"ಕಟ್ಟಡ ಮುಚ್ಚೋಣ," ಅಂದರು ಇವರು. "ಕೆಲ್ಸ ಮುಚ್ಚಕ್ಕಾಗಲ್ಲ. ಎರಡು ತಿಂಗ್ಳು ಬಿಟ್ರೆ ಇವರೆಲ್ಲ ಮತ್ತೆ ಮಂಚದ ಕೆಳಗೆ ಹೋಗ್ಬುಡ್ತಾರೆ."

ಒಬ್ಬರಿಗೆ ಎರಡು ಮನೆ ಅಂತ ಹಂಚಿದರು. ದಿನಾ ಅದೇ ಇಬ್ಬರು ಮಕ್ಕಳು, ಅದೇ ಎರಡು ಮನೆ, ಅದಲುಬದಲು ಇಲ್ಲ. ದೂರದ ಇಲವಾಲವನ್ನು ತಾವೇ ಇಟ್ಟುಕೊಂಡರು. ಆಮೇಲೆ ಕಂದುಬಣ್ಣದ ದೊಡ್ಡ ಹಾಳೆಯ ಮೇಲೆ ನಿಯಮಗಳನ್ನು ಬರೆದು ಗೋಡೆಗೆ ಅಂಟಿಸಿದರು. ಮನೆ ಹೊಕ್ಕ ಕೂಡಲೇ ಮೊಣಕೈವರೆಗೆ ಸೋಪು. ಮುಖಕ್ಕೆ ಗವಸು, ಕೈಗೆ ರಬ್ಬರಿನ ಗವಸು. ಬಳೆ, ಉಂಗುರ, ಗಡಿಯಾರ, ಕೈಗೆ ಕಟ್ಟಿದ ದಾರ, ಎಲ್ಲ ಕಡ್ಡಾಯವಾಗಿ ತೆಗೆದಿಡಬೇಕು, ಅವುಗಳ ಸಂದಿಯಲ್ಲಿ ಕೊಳೆ ಕೂರುತ್ತದೆ.

ನಮ್ಮ ತಾತ ಅರಮನೆಯ ಕಚೇರಿಯಲ್ಲಿದ್ದವರು, ಅಜ್ಜಿ ಮಹಾ ಮಡಿ. ಮುಟ್ಟಬೇಡ, ದೂರ ನಿಲ್ಲು ಅನ್ನುವ ಮಾತು ಕೇಳಿಯೇ ಬೆಳೆದವಳು ನಾನು. ಇವರಿಗೆ ಅದು ಗೊತ್ತಿತ್ತು. ಹಾಳೆಗೆ ಗೋಂದು ಹಚ್ಚುತ್ತಾ ತಿರುಗಿ ಹೇಳಿದರು: "ನೋಡಿದ್ರಾ, ನಿಮ್ಮಜ್ಜಿ ಮಡಿ ಕೊನೆಗೂ ನಮ್ಮನೇಗೂ ಬಂತು."

ನಕ್ಕೆವು. ಐವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಕೇಂದ್ರ ಶುರುವಾದ ದಿನದಿಂದ ಗುರುತು ಮುಟ್ಟಿಸದೆ ಮಗುವಿನ ಹತ್ತಿರ ಹೋಗಬೇಡಿ ಅಂತ ಬಡಿದುಕೊಂಡವರೇ, ಆ ಗುರುತುಗಳನ್ನೆಲ್ಲ ಬಿಚ್ಚಿಡಿ ಅಂತ ಗೋಡೆಗೆ ಬರೆದು ಅಂಟಿಸಿದ್ದರು. ಭಯ ಅನ್ನುವುದು ಹಾಗೆ, ಮೊದಲು ತಿನ್ನುವುದು ಬುದ್ಧಿಯನ್ನೇ.

ನನ್ನ ವಿಷಯ ಬೇರೆ. ಎಷ್ಟು ಸೋಪು ಹಚ್ಚಿದರೂ ತಾಮ್ರದ ಕಡಗ ಕೈಯಿಂದ ಈಚೆ ಬರಲಿಲ್ಲ. ಗಂಟುಗಳು ಊದಿಕೊಂಡಿದ್ದವು. ಅಕ್ಕಸಾಲಿಗನ ಹತ್ತಿರ ಹೋಗಿ ಕತ್ತರಿಸಿಕೊಳ್ಳಲು ಸೋಮಾರಿತನ. ಅದನ್ನೇ ಚೆನ್ನಾಗಿ ಉಜ್ಜಿ, ಗವಸನ್ನು ಕೆಳಗೆ ಮಡಿಸಿಕೊಂಡು ಹೋದೆ. ಇವರಿಗೆ ಹೇಳಲಿಲ್ಲ.

ದಿನಾ ಸಂಜೆ ಮನೆಗಳಿಂದ ಬಂದು ಅಂಗಳದಲ್ಲಿ ಕೂತು ವರದಿ ಒಪ್ಪಿಸಬೇಕಿತ್ತು. ಮೂರನೆಯ ಸಂಜೆಗೆ ಎಲ್ಲರ ಮುಖ ಸಪ್ಪೆ. ಒಬ್ಬರ ಮಗು ಬಾಗಿಲ ಹಿಂದಿನಿಂದ ಹೊರಗೆ ಬರಲಿಲ್ಲ. ಇನ್ನೊಬ್ಬರ ಮಗು ಉಗುರಿನಿಂದ ಪರಚಿತು. ಇವರು ಕೊನೆಗೆ ಹೇಳಿದರು: "ನಾಗವೇಣಿ ಮಂಚದ ಕೆಳಗೆ ಹೋಗಿದಾಳೆ. ಮೂರು ದಿನದಿಂದ ನನ್ನ ಕೈಯಲ್ಲಿ ಒಂದಗುಳು ತಿಂದಿಲ್ಲ. ಸರೋಜಮ್ಮ ಆ ಹೊಟ್ಟೆ ಇಟ್ಕೊಂಡು ನೆಲಕ್ಕೆ ಬಗ್ಗಿ ತಿನ್ನಿಸ್ತಾಳೆ, ಅದೂ ಎರಡು ತುತ್ತು." ನನ್ನ ಕಡೆ ತಿರುಗಿದರು. "ನಿಮ್ಮಿಬ್ರು ಮಕ್ಕಳು ಮಾತ್ರ ಹೆಂಗ್ರೀ ತಿಂತಿದಾರೆ?"

ಇನ್ನು ಮುಚ್ಚಿಡುವುದು ಸಾಧ್ಯವಿರಲಿಲ್ಲ. ಸೆರಗು ಸರಿಸಿ ಕಡಗ ತೋರಿಸಿದೆ. ಬೈಗುಳಕ್ಕೆ ಮೈ ಗಟ್ಟಿ ಮಾಡಿಕೊಂಡೆ.

ಅವರು ಆ ಕಡಗವನ್ನೇ ನೋಡಿದರು. ಆಮೇಲೆ ಎರಡೂ ಕೈಯಿಂದ ತಲೆ ಹಿಡಿದುಕೊಂಡರು. "ಅಯ್ಯೋ ನನ್ನ ಬುದ್ಧಿಗಿಷ್ಟು! ಎಲ್ಲಾರ ಹೆಸರೂ ಅಳಿಸ್ಬುಟ್ನಲ್ರೀ! ಯಾರೋ ಗೊತ್ತಿಲ್ದೋರು ಐದು ಜನಾನ ಆ ಮಕ್ಕಳ ಮೇಲೆ ಛೂ ಬಿಟ್ಬುಟ್ನಲ್ಲ!"

ಎದ್ದು ಹೋಗಿ ಗೋಡೆಯ ಹಾಳೆಯನ್ನು ಪರ್ರನೆ ಹರಿದರು. ಮಾರನೆಯ ಬೆಳಿಗ್ಗೆ ನಾವು ಬರುವ ಹೊತ್ತಿಗೆ ಜಯಮ್ಮನ ಇಡ್ಲಿ ಪಾತ್ರೆಯಲ್ಲಿ ನೀರು ಕುದಿಯುತ್ತಿತ್ತು. ಬಳೆ, ಉಂಗುರ, ಕುದಿಸಲು ಬರುವುದನ್ನೆಲ್ಲ ಅದರೊಳಗೆ ಹಾಕಿದರು. ಗಡಿಯಾರದ ಟೀಚರಿಗೆ ಗಡಿಯಾರದ ಬರೀ ಸ್ಟೀಲ್ ಪಟ್ಟಿ. ಕಡಗ ಬಿಚ್ಚಲಾಗದ ನನ್ನ ಕೈಗೆ ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿ. ಇಕ್ಕಳದಲ್ಲಿ ಒಂದೊಂದನ್ನೇ ಎತ್ತಿ ಆರಿಸಿ, ಗವಸಿನ ಮೇಲೆ ತೊಡಿಸಿ ಕಳಿಸಿದರು. ಆವತ್ತಿನಿಂದ ಅದೇ ಪದ್ಧತಿಯಾಯಿತು, ಏಳೂವರೆಗೆ ಬಳೆ ಬೇಯಿಸುವುದು, ಎಂಟಕ್ಕೆ ಬಸ್ಸು. ಎರಡೇ ದಿನದಲ್ಲಿ ಮಿಕ್ಕ ಮಕ್ಕಳೆಲ್ಲ ದಾರಿಗೆ ಬಂದರು.

ಅವರ ಗುರುತನ್ನು ಗವಸಿನ ಮೇಲೆ ತೊಡಿಸುವುದು ಹೇಗೆ? ಗವಸು ತೆಗೆಯೋಣವೆಂದರೆ ಸರೋಜಮ್ಮನ ಹೊಟ್ಟೆಯಲ್ಲಿ ಮಗು. ಒಂದು ಇಡೀ ದಿನ ಯೋಚಿಸಿದರು. ಆಮೇಲೆ ಕತ್ತರಿ ತಂದು ಎಡಗೈ ಗವಸಿನ ಹಿಂಬದಿಯಲ್ಲಿ ಗುರುತಿನಷ್ಟೇ ಉದ್ದಕ್ಕೆ ಒಂದು ಕಿಂಡಿ ಕತ್ತರಿಸಿದರು. "ತಿನ್ನಿಸೋದು ಬಲಗೈ. ಎಡಗೈ ಬೆನ್ನಿಗೆ ಏನೂ ಕೆಲ್ಸ ಇಲ್ಲ, ಅದು ಬರೀ ನಾನು ಅಂತ ಹೇಳಕ್ಕೆ," ಅಂದರು. ಆ ಕಿಂಡಿಯಷ್ಟು ಜಾಗವನ್ನು ಸ್ಪಿರಿಟ್ಟಿನಲ್ಲಿ ಎಷ್ಟು ಸಲ ಒರೆಸಿದರೋ, ಚರ್ಮ ಬಿರುಕುಬಿಟ್ಟು ರಕ್ತ ಜಿನುಗಿತು.

ಆ ಭಾನುವಾರ ನನ್ನ ಎರಡು ಮನೆಗೂ ರಜೆ. ನಾಗವೇಣಿಗೆ ಸ್ನಾನ ಮಾಡಿಸಲು ಇಬ್ಬರು ಬೇಕು ಅಂದದ್ದಕ್ಕೆ ಅವರ ಜೊತೆ ಇಲವಾಲಕ್ಕೆ ಹೋದೆ. ಸರೋಜಮ್ಮ ಒಳಕೋಣೆಯ ಬಾಗಿಲಲ್ಲೇ ಗೋಡೆಗೆ ಒರಗಿ ಕೂತಿದ್ದಳು, ಕಣ್ಣ ಸುತ್ತ ಕಪ್ಪು. ಗಂಡ ಫ್ಯಾಕ್ಟರಿಯ ಶಿಫ್ಟಿಗೆ ಹೋಗಿದ್ದ. "ರಾತ್ರಿಯಿಂದ ನೀರೂ ಕುಡುದಿಲ್ಲ ಕಣಕ್ಕಾ. ಬಗ್ಗಕ್ಕಾಗಕ್ಕಿಲ್ಲ ನಂಗೆ. ಬಗ್ಗುದ್ರೆ ಒಟ್ಟೆ ಇಡ್ಕತದೆ."

ಇವರು ಕೈ ತೊಳೆದು, ಗವಸು ಹಾಕಿ, ಮಂಚದ ಪಕ್ಕ ನೆಲದ ಮೇಲೆ ಮಲಗಿ ಎಡಗೈಯನ್ನು ಒಳಗೆ ಚಾಚಿದರು. ನಾಗವೇಣಿಗೆ ಆಗ ಹನ್ನೊಂದು ವರ್ಷ, ಉದ್ದಕ್ಕೆ ಬೆಳೆದಿದ್ದಳು, ಮಂಚದ ಕೆಳಗೆ ಮೈಮಡಿಸಿ ಮುದುಡಿದ್ದಳು. ಬಹಳ ಹೊತ್ತಿನ ಮೇಲೆ ಅವಳ ಬೆರಳುಗಳು ಬಂದವು. ರಬ್ಬರು ತಗುಲಿದ ಕೂಡಲೇ ಹಿಂದಕ್ಕೆ ಹೋದವು. ಮತ್ತೆ ಬಂದವು. ಕಿಂಡಿಯ ಅಂಚು ಸಿಕ್ಕಿತು. ಬೆರಳು ಒಳಗಿಳಿದು ಆ ಗುರುತಿನ ಉದ್ದಕ್ಕೂ ಒಂದು ಸಲ ಮೇಲಕ್ಕೆ, ಒಂದು ಸಲ ಕೆಳಕ್ಕೆ ಓಡಾಡಿತು.

"ಗುರ್ತಿಡುದ್ಲು!" ಅಂತ ಸರೋಜಮ್ಮ ಕೂಗಿದಳು. "ಗುರ್ತಿಡುದ್ಲು ಕಣಕ್ಕಾ!"

ಹೌದು, ಗುರುತು ಹಿಡಿದಳು. ಹಿಡಿದು, ತನ್ನ ಎರಡೂ ಕೈಯಿಂದ ಆ ಕೈಯನ್ನು ಹೊರಗೆ ತಳ್ಳಿದಳು. ಇವರು ಇನ್ನೊಮ್ಮೆ ಚಾಚಿದರು. ಈ ಸಲ ಗುರುತು ಹುಡುಕಲೂ ಇಲ್ಲ, ನೇರವಾಗಿ ತಳ್ಳಿದಳು, ಜೋರಾಗಿ.

ಇವರು ಎದ್ದು ಕೂತರು. ಸೀರೆಗೆ ಅಂಟಿದ ಧೂಳು ಕೊಡವಲಿಲ್ಲ. "ನೀವು ಕೈ ಕೊಡಿ," ಅಂದರು ನನಗೆ. ನಾನು ಒಲ್ಲೆನೆಂದೆ. "ಕೊಡಿ ಅಂದ್ರೆ ಕೊಡ್ರೀ, ಮಗು ನೀರು ಕುಡಿದಿಲ್ಲ." ಕೊಟ್ಟೆ. ನಾಗವೇಣಿ ಕಡಗವನ್ನು ಮುಟ್ಟಿ ನೋಡಿದಳು, ತಿರುಗಿಸಿದಳು, ಅದನ್ನು ಹಿಡಿದುಕೊಂಡೇ ನಿಧಾನವಾಗಿ ಹೊರಗೆ ತೆವಳಿದಳು. ನನ್ನ ಕೈಯಿಂದ ಒಂದು ಲೋಟ ನೀರು ಕುಡಿದಳು, ಒಂದು ತಟ್ಟೆ ಅನ್ನ ತಿಂದಳು. ಇವರು ಹೊಸ್ತಿಲ ಮೇಲೆ ಕೂತು ಪ್ರತಿ ತುತ್ತನ್ನೂ ನೋಡಿದರು. ನಾನು ನಡುವೆ ನಿಲ್ಲಿಸಿದರೆ, ಹೂಂ, ನಿಲ್ಲಿಸಬೇಡಿ ಅಂತ ಕೈಸನ್ನೆ ಮಾಡಿದರು.  ಅವರ ತುತ್ತನ್ನು ಕದ್ದ ಹಾಗಿತ್ತು ನನಗೆ.

ಬಸ್ಸಿನಲ್ಲಿ ಅವರು ಕಿಟಕಿಯ ಕಡೆ ಕೂತರು. ಅವಳು ಮರೆತಿರಬೇಕು, ನಿಧಾನಕ್ಕೆ ಸರಿಹೋಗುತ್ತಾಳೆ ಅಂತ ಏನೋ ಸಮಾಧಾನ ಹೇಳಿದೆ.

"ಮರ್ತಿದ್ರೆ ಮತ್ತೆ ಕಲಿಸ್ಬೋದಿತ್ತು ಕಣ್ರೀ. ನಾನು ಅಂತ ಗೊತ್ತಾಯ್ತು, ಆಮೇಲೆ ಬೇಡ ಅಂದ್ಳು. ಅದಕ್ಕೆ ಏನು ಪಾಠ ಮಾಡ್ಲಿ?" ಕಿಟಕಿಯ ಸರಳಿಗೆ ಎಡಗೈ ಆನಿಸಿದರು. "ತಪ್ಪಲ್ಲ ಅವಳದ್ದು. ಇದ್ದಕ್ಕಿದ್ದ ಹಾಗೆ ವ್ಯಾನ್ ಬರ್ಲಿಲ್ಲ, ನಾನು ಬರ್ಲಿಲ್ಲ. ನನ್ನ ಜಾಗಕ್ಕೆ ಯಾವ್ದೋ ರಬ್ಬರ್ ಕೈ ಬಂತು. ಯಾಕೆ ಅಂತ ಹೆಂಗೆ ಹೇಳ್ಲಿ? ನೀರು ಇದೆ ನಮ್ಹತ್ರ, ಅನ್ನ ಇದೆ, ಹೋಗೋಣ ಇದೆ, ಮುಗೀತು ಇದೆ. ಊರಲ್ಲಿ ಜ್ವರ ಬಂದಿದೆ, ನಿಮ್ಮಮ್ಮನ್ನ ಉಳಿಸ್ಬೇಕು ಅನ್ನೋದನ್ನ ಆ ಅಂಗೈಲಿ ಹೆಂಗೆ ಬರೀಲಿ?"

 

ಮಾರನೆಯ ದಿನ ತಾವೇ ಮಾಡಿದ ನಿಯಮ ಮುರಿದು ಮನೆ ಅದಲುಬದಲು ಮಾಡಿದರು. ನಾನು ಇಲವಾಲಕ್ಕೆ, ಅವರು ನನ್ನ ಮನೆಗಳಿಗೆ. ಆದರೆ ಭಾನುವಾರ ಭಾನುವಾರ ಬಂದು ನಾಗವೇಣಿಗೆ ಎಡಗೈ ಚಾಚುವುದನ್ನು ಬಿಡಲಿಲ್ಲ. ಅವಳು ಮುಟ್ಟುತ್ತಿದ್ದಳು, ತಳ್ಳುತ್ತಿದ್ದಳು. ಇನ್ನೊಂದು ಸಲ ಚಾಚುತ್ತಿದ್ದರು, ಅದನ್ನೂ ತಳ್ಳುತ್ತಿದ್ದಳು. ಮೂರನೆಯ ಸಲ ಯಾವತ್ತೂ ಚಾಚಲಿಲ್ಲ. ಎದ್ದು ಬರುತ್ತಿದ್ದರು.

ಸರೋಜಮ್ಮನಿಗೆ ಹೆರಿಗೆಯಾಯಿತು, ಹೆಣ್ಣುಮಗು, ಇಬ್ಬರೂ ಚೆನ್ನಾಗಿದ್ದರು. ನಮ್ಮ ಹತ್ತು ಮನೆಗಳಲ್ಲಿ ಒಂದಕ್ಕೂ ಜ್ವರ ಬರಲಿಲ್ಲ. ಅದು ಬೇಯಿಸಿದ ಬಳೆಗಳಿಂದಲೋ, ಬರೀ ಅದೃಷ್ಟವೋ, ದೇವರೇ ಹೇಳಬೇಕು. ಜಯಮ್ಮನ ಗಂಡನೂ ಹುಷಾರಾದ. ಚಳಿಗಾಲ ಶುರುವಾಗುವ ಹೊತ್ತಿಗೆ ಕೇಂದ್ರದ ಬಾಗಿಲು ತೆರೆದೆವು, ವ್ಯಾನು ಮತ್ತೆ ಓಡಿತು. ಅಧ್ಯಕ್ಷರು ಬಂದು ಎಲ್ಲರನ್ನೂ ಹೊಗಳಿದರು.

ಇವರು ದಿನಾ ಬೆಳಿಗ್ಗೆ ವ್ಯಾನಿನ ಬಾಗಿಲಲ್ಲಿ ನಿಲ್ಲುತ್ತಿದ್ದರು, ಬರೀ ಕೈಯಲ್ಲಿ, ಗವಸಿಲ್ಲದೆ. ಇಳಿಯುವ ಮಕ್ಕಳೆಲ್ಲ ಆ ಗುರುತು ಮುಟ್ಟಿ, ಅವರ ಸೊಂಟ ತಬ್ಬಿ ಒಳಗೆ ಹೋಗುತ್ತಿದ್ದರು. ನಾಗವೇಣಿ ಮುಟ್ಟಿ ತಳ್ಳುತ್ತಿದ್ದಳು, ಇನ್ನೊಮ್ಮೆ ತಳ್ಳುತ್ತಿದ್ದಳು. ಮಿಕ್ಕ ಸಮಯದಲ್ಲಿ ಚೆನ್ನಾಗಿಯೇ ಇರುತ್ತಿದ್ದಳು, ತಿನ್ನುತ್ತಿದ್ದಳು, ನನ್ನ ಹತ್ತಿರ ಹೊಸ ಹೊಸ ಮಾತು ಕಲಿಯುತ್ತಿದ್ದಳು. ನೋಡಿ ನೋಡಿ ನನಗೇ ತಡೆಯಲಾಗಲಿಲ್ಲ. ಒಂದು ದಿನ ರೇಗಿದೆ. "ಸಾಕು ಬಿಡಿ ಮೇಡಂ! ಯಾಕೆ ದಿನಾ ಹೋಗಿ ನೂಕಿಸ್ಕೊಳ್ತೀರಿ?"

ಅವರು ಬೆಂಚಿನ ಮೇಲೆ ಕೂತಿದ್ದರು. ಪಾದ ಎರಡೂ ಊದಿ ಚಪ್ಪಲಿಯ ಪಟ್ಟಿ ಚರ್ಮದೊಳಗೆ ಇಳಿದಿತ್ತು. ಯಾರಿಗೂ ತೋರಿಸಿರಲಿಲ್ಲ. "ಅವಳು ದಿನಾ ಬಂದು ಮುಟ್ಟಿ ನೋಡಿ ತಳ್ತಾಳಲ್ರೀ. ಬೇಡ ಅಂದ್ರೆ ಮುಟ್ದೇನೇ ಹೋಗ್ಬೋದು. ಹೋಗಲ್ಲ," ಅಂದರು. "ಅಷ್ಟಿದೆ. ಅಷ್ಟಿರ್ಲಿ."

ಆ ವರ್ಷ ಮುಗಿಯುವ ಮುಂಚೆಯೇ ಒಂದು ಬೆಳಿಗ್ಗೆ ಅವರ ತಮ್ಮ ಫೋನು ಮಾಡಿದರು. ಸ್ನಾನಕ್ಕೆ ಅಂತ ಎದ್ದವರು ಬಚ್ಚಲ ಬಾಗಿಲಲ್ಲಿ ಕುಸಿದಿದ್ದರು. ಹೃದಯಾಘಾತವಂತೆ. ಒಂದು ದಿನವೂ ಡಾಕ್ಟರ ಹತ್ತಿರ ಹೋದವರಲ್ಲ.

ಮಕ್ಕಳನ್ನು ಕರೆತರಬೇಡಿ, ಅವಕ್ಕೇನು ತಿಳಿಯುತ್ತದೆ ಅಂತ ಟ್ರಸ್ಟಿನವರು ಹೇಳಿದರು. ನಾನು ಕೇಳಲಿಲ್ಲ. ಬಂದಷ್ಟು ಮಕ್ಕಳನ್ನು ವ್ಯಾನಿನಲ್ಲಿ ಚಾಮರಾಜಪುರಂಗೆ ಕರೆದುಕೊಂಡು ಹೋದೆ. ಸರೋಜಮ್ಮನೂ ಕೈಗೂಸನ್ನು ಎತ್ತಿಕೊಂಡು ನಾಗವೇಣಿಯ ಜೊತೆ ಬಂದಳು. ಅವರ ಪದ್ಧತಿಯಂತೆ ದೇಹವನ್ನು ನಡುಮನೆಯಲ್ಲಿ ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆ ತುಂಬ ವಿಭೂತಿ, ಕೊರಳಿಗೆ ಹೂವಿನ ಹಾರ, ಕೈಗಳು ಮಡಿಲಲ್ಲಿ. ದಣಿದವರು ಒಂದು ಗಳಿಗೆ ಕೂತ ಹಾಗೇ ಇತ್ತು. ಮಕ್ಕಳು ಒಬ್ಬೊಬ್ಬರಾಗಿ ಬಂದು ಎಡಗೈ ಮುಟ್ಟಿದರು. ತಣ್ಣಗಿದ್ದದ್ದಕ್ಕೆ ಕೆಲವರು ಬೆಚ್ಚಿದರು, ಒಬ್ಬಳು ಆ ಕೈಯನ್ನು ತನ್ನ ಅಂಗೈಗಳ ನಡುವೆ ಉಜ್ಜಿದಳು.

ನಾಗವೇಣಿಯನ್ನು ನಾನೇ ಮುಂದೆ ಕೂರಿಸಿ ಅವಳ ಕೈಯನ್ನು ಆ ಕೈಯ ಮೇಲಿಟ್ಟೆ. ಗುರುತು ಹುಡುಕಿದಳು, ಸಿಕ್ಕಿತು. ತಳ್ಳಿದಳು. ಆ ಕೈ ಜಾರಿ ಪಕ್ಕಕ್ಕೆ ಬಿತ್ತು. ಅವಳು ತನ್ನ ಕೈಯನ್ನು ಹಾಗೇ ಗಾಳಿಯಲ್ಲಿ ಹಿಡಿದು ಕಾದಳು, ಎರಡನೆಯ ಸಲಕ್ಕೆ. ಕೈ ಬರಲಿಲ್ಲ. ಇನ್ನೂ ಕಾದಳು. ಆಮೇಲೆ ತಡವರಿಸುತ್ತಾ ಮುಂದಕ್ಕೆ ಬಗ್ಗಿ, ಹೂವಿನ ಹಾರದ ಮೇಲೆ, ಸೀರೆಯ ಮೇಲೆ ಕೈಯಾಡಿಸಿ ತಾನೇ ಹುಡುಕಿ ತೆಗೆದಳು. ಎರಡೂ ಕೈಯಿಂದ ಹಿಡಿದುಕೊಂಡಳು. ಬಿಡಲಿಲ್ಲ.

ಮಠದಿಂದ ಬಂದಿದ್ದವರು, ಹೊತ್ತಾಯಿತು ತಾಯಿ, ಮಗುವನ್ನು ಎಬ್ಬಿಸಿ ಅಂದರು. ಎಬ್ಬಿಸಬೇಕಾದರೆ ಮೊದಲು ಹೇಳಬೇಕು. ಹೇಳುವವಳು ನಾನೇ, ಅಲ್ಲಿ ಇನ್ಯಾರಿಗೂ ಅವಳ ಭಾಷೆ ಬರುತ್ತಿರಲಿಲ್ಲ. ಮುಗಿಯಿತು ಅನ್ನುವುದಕ್ಕೆ ನಮ್ಮಲ್ಲಿ ಅಂಗೈಯಿಂದ ಮಗುವಿನ ಕೈಯನ್ನು ಒಂದು ಸಲ ಒರೆಸುತ್ತೇವೆ, ತಟ್ಟೆ ಖಾಲಿಯಾದಾಗ, ಆಟ ನಿಂತಾಗ. ಪಕ್ಕದಲ್ಲಿ ಕೂತು ಅವಳಿಗೆ ಕಡಗ ಮುಟ್ಟಿಸಿದೆ. ಆಮೇಲೆ ಅವಳ ಕೈಯ ಮೇಲೆ ನನ್ನ ಅಂಗೈಯಿಟ್ಟು, ಮಣಿಕಟ್ಟಿನಿಂದ ಬೆರಳ ತುದಿಯವರೆಗೆ, ನಿಧಾನವಾಗಿ ಒರೆಸಿದೆ.

ನಾಗವೇಣಿ ನನ್ನ ಕೈಯನ್ನು ತಳ್ಳಿದಳು.